ಎರಡು ಸ್ಪ್ರಿಂಗ್, 21 ಗೇರ್ ಇದ್ದರೆ ಅದು ಬೆಟ್ಟದ ಸೈಕಲ್ಲೇ?

ಸೈಕಲ್ ಅಂಗಡಿಯೊಂದರಲ್ಲಿ ಎರಡು ಸೈಕಲ್ಲುಗಳು ಅಕ್ಕಪಕ್ಕ ನಿಂತಿವೆ ಎಂದುಕೊಳ್ಳಿ. ಎರಡಕ್ಕೂ ಬೆಲೆ 25 ಸಾವಿರ ರೂಪಾಯಿ. ಮೊದಲನೆಯದಕ್ಕೆ ಮುಂದೊಂದು, ಸೀಟಿನ ಕೆಳಗೊಂದು ಸ್ಪ್ರಿಂಗ್, ಎರಡೂ ಚಕ್ರಕ್ಕೆ ಡಿಸ್ಕ್ ಬ್ರೇಕ್, 21 ಗೇರ್, ಮೈತುಂಬ ಬಣ್ಣಬಣ್ಣದ ಸ್ಟಿಕ್ಕರ್. ಎರಡನೆಯದು ನೋಡಲು ಸಪ್ಪೆ. ಹಿಂದೆ ಸ್ಪ್ರಿಂಗ್ ಇಲ್ಲ. ಮುಂದಿನ ಫೋರ್ಕ್ ಕೂಡ ಅಜ್ಜನ ಕಾಲದ ಸೈಕಲ್ಲಿನಂತೆ ಗಟ್ಟಿ ಕೊಳವೆ. ಗೇರ್ ಬರೀ ಒಂಬತ್ತು.

‘ಅದೇ ದುಡ್ಡಿಗೆ ಇಷ್ಟೆಲ್ಲ ಸಿಗುವಾಗ ಆ ಬೋಳು ಸೈಕಲ್ ಯಾಕೆ ಸಾರ್?’ ಎಂದು ಅಂಗಡಿಯವರು ಕೇಳುವುದರಲ್ಲಿ ತಪ್ಪೇನಿಲ್ಲ. ನಮ್ಮಲ್ಲಿ ಹೆಚ್ಚಿನವರು ಕೊಳ್ಳುವುದೂ ಮೊದಲನೆಯದನ್ನೇ. ಆದರೆ ಏರಿಳಿತದ ಕಚ್ಚಾ ದಾರಿಯಲ್ಲಿ ಖುಷಿಯಿಂದ ಓಡಿಸಬೇಕು ಎಂಬ ಆಸೆ ಇದ್ದರೆ, ಮೊದಲನೆಯದು ಒಂದೆರಡು ತಿಂಗಳಲ್ಲೇ ಬಾಲ್ಕನಿಯಲ್ಲಿ ಟವೆಲ್ ಒಣಗಿಸುವ ಸ್ಟ್ಯಾಂಡ್ ಆಗುವ ಸಾಧ್ಯತೆ ಹೆಚ್ಚು. ಏಕೆ ಎಂಬುದಕ್ಕೆ ಉತ್ತರ ಸರಳವಾದ ಭೌತವಿಜ್ಞಾನದಲ್ಲಿದೆ.

ಗೇರ್ ಸೈಕಲ್, ಎಂಟಿಬಿ, ಮೌಂಟನ್ ಬೈಕ್ – ಹೆಸರು ಯಾವುದಾದರೂ ಇರಲಿ, ಈ ಬರಹದಲ್ಲಿ ಎಂಟಿಬಿ ಎಂದೇ ಕರೆಯೋಣ. ಬರೀ ‘ಬೈಕ್’ ಎಂದರೆ ನಮಗೆ ಪೆಟ್ರೋಲ್ ವಾಸನೆ ಬರುತ್ತದಲ್ಲ!

ಮೊದಲ ಎಂಟಿಬಿಗಳಿಗೆ ಸ್ಪ್ರಿಂಗೇ ಇರಲಿಲ್ಲ

ಎಂಟಿಬಿ ಹುಟ್ಟಿದ್ದು 1970ರ ದಶಕದಲ್ಲಿ, ಅಮೆರಿಕದ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ. ಅಲ್ಲಿನ ಕೆಲವು ಯುವಕರು ಗುಜರಿಗೆ ಹೋಗಬೇಕಿದ್ದ, ದಪ್ಪ ಟೈರಿನ ಹಳೆಯ ಶ್ವಿನ್ ಸೈಕಲ್ಲುಗಳನ್ನು ಹಿಡಿದು ಬೆಟ್ಟದ ಮಣ್ಣುದಾರಿಯಲ್ಲಿ ಇಳಿಯುತ್ತಿದ್ದರು. 1976ರ ಅಕ್ಟೋಬರ್ 21ರಂದು ಅವರ ಮೊದಲ ಪಂದ್ಯ ನಡೆಯಿತು. ದಾರಿಯ ಉದ್ದ ಮೂರು ಕಿ.ಮೀ.ಗಿಂತ ಸ್ವಲ್ಪ ಹೆಚ್ಚು. ಅಷ್ಟರಲ್ಲಿ ಇಳಿಯುವ ಎತ್ತರ ಸುಮಾರು 400 ಮೀಟರ್.

ಆ ದಾರಿಗೆ ‘ರೀಪ್ಯಾಕ್’ ಎಂಬ ಹೆಸರು ಬಂದ ಕತೆ ಸ್ವಾರಸ್ಯವಾಗಿದೆ. ಆ ಸೈಕಲ್ಲುಗಳಲ್ಲಿ ಪೆಡಲನ್ನು ಹಿಂದಕ್ಕೆ ತುಳಿದರೆ ಹಿಡಿಯುವ ಬ್ರೇಕ್ ಇತ್ತು. ಅದು ಕೂತಿದ್ದದ್ದು ಹಿಂದಿನ ಚಕ್ರದ ಹಬ್‌ನ ಒಳಗೆ. ಒಂದು ಸಲ ಇಳಿದು ಬರುವಷ್ಟರಲ್ಲಿ ಹಬ್ಬಿನೊಳಗಿನ ಗ್ರೀಸ್ ಸುಟ್ಟು ಹೊಗೆಯಾಗುತ್ತಿತ್ತು. ಮತ್ತೆ ಇಳಿಯಬೇಕಾದರೆ ಹಬ್ ಬಿಚ್ಚಿ ಹೊಸ ಗ್ರೀಸ್ ತುಂಬಬೇಕು, ಅಂದರೆ ‘ರೀಪ್ಯಾಕ್’ ಮಾಡಬೇಕು. ಇದೇನೂ ಆಶ್ಚರ್ಯವಲ್ಲ. ಸವಾರ ಮತ್ತು ಸೈಕಲ್ ಸೇರಿ 85 ಕಿಲೋ ಇದ್ದರೆ, 400 ಮೀಟರ್ ಇಳಿಯುವಾಗ ಬಿಡುಗಡೆಯಾಗುವ ಶಕ್ತಿ ಸುಮಾರು 333 ಕಿಲೋಜೂಲ್. ಒಂದು ಲೀಟರ್ ತಣ್ಣೀರನ್ನು ಕುದಿ ಬರಿಸಲು ಹೆಚ್ಚುಕಡಿಮೆ ಇಷ್ಟೇ ಶಾಖ ಸಾಕು. ಇದರಲ್ಲಿ ಒಂದು ಪಾಲು ಗಾಳಿಯ ಮತ್ತು ಟೈರಿನ ಘರ್ಷಣೆಗೆ ಹೋದರೂ, ಕಡಿದಾದ ಇಳಿಜಾರಿನಲ್ಲಿ ದೊಡ್ಡ ಪಾಲು ಹೋಗುವುದು ಬ್ರೇಕಿಗೇ.

1977ರಲ್ಲಿ ಜೋ ಬ್ರೀಜ್ ಈ ಕೆಲಸಕ್ಕೆಂದೇ ಹೊಸ ಚೌಕಟ್ಟು ಕಟ್ಟಿದರು. 1980ರ ದಶಕದ ಆರಂಭದಲ್ಲಿ ಕಾರ್ಖಾನೆಯಲ್ಲಿ ತಯಾರಾದ ಎಂಟಿಬಿಗಳು ಮಾರುಕಟ್ಟೆಗೆ ಬಂದವು. ಸ್ಪ್ರಿಂಗ್ ಇರುವ ಮುಂದಿನ ಫೋರ್ಕ್ ಅಂಗಡಿಗೆ ಬಂದು ಬಳಕೆಗೆ ನಿಂತಿದ್ದು ಆ ದಶಕ ಮುಗಿಯುವ ಹೊತ್ತಿಗೆ. ಅಂದರೆ ಈ ಆಟದ ಮೊದಲ ಹತ್ತು ಹನ್ನೆರಡು ವರ್ಷದ ಮಜಾವೆಲ್ಲ ಗಟ್ಟಿ ಫೋರ್ಕಿನ ಮೇಲೆಯೇ ನಡೆಯಿತು. ಎಂಟನೇ ತರಗತಿಯಲ್ಲಿ ಸರ್ಕಾರ ಕೊಟ್ಟ ಸೈಕಲ್ ಹಿಡಿದು ಕೆರೆ ಏರಿಯಿಂದ ಇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಸ್ಪ್ರಿಂಗ್ ಬೇರೆ, ಸಸ್ಪೆನ್ಷನ್ ಬೇರೆ

ಎಣ್ಣೆ ಸೋರಿಹೋದ ಶಾಕ್ ಅಬ್ಸಾರ್ಬರ್ ಇರುವ ಮೋಟಾರ್ ಬೈಕಿನಲ್ಲಿ ರಸ್ತೆ ಹಂಪ್ ದಾಟಿದ್ದೀರಾ? ಹಂಪ್ ದಾಟಿದ ಮೇಲೂ ಗಾಡಿ ಎರಡು ಮೂರು ಸಲ ಕುಪ್ಪಳಿಸುತ್ತದೆ. ಸ್ಪ್ರಿಂಗ್ ಚೆನ್ನಾಗಿಯೇ ಇರುತ್ತದೆ. ಆದರೆ ಸ್ಪ್ರಿಂಗಿಗೆ ಗೊತ್ತಿರುವುದು ಒಂದೇ ಕೆಲಸ. ಒತ್ತಿದಾಗ ಶಕ್ತಿಯನ್ನು ತುಂಬಿಟ್ಟುಕೊಂಡು, ಬಿಟ್ಟಾಗ ವಾಪಸ್ ಕೊಡುವುದು. ಆ ಶಕ್ತಿಯನ್ನು ಶಾಖವಾಗಿ ಕರಗಿಸಲು ಸಣ್ಣ ರಂಧ್ರಗಳ ಮೂಲಕ ಹರಿಯುವ ಎಣ್ಣೆ ಬೇಕು. ಇದಕ್ಕೆ ಡ್ಯಾಂಪರ್ ಎನ್ನುತ್ತಾರೆ. ಸ್ಪ್ರಿಂಗ್ ಮತ್ತು ಡ್ಯಾಂಪರ್ ಎರಡೂ ಸೇರಿದರೆ ಸಸ್ಪೆನ್ಷನ್.

ಡ್ಯಾಂಪರ್‌ಗೆ ನಿಖರವಾದ ಕೊಳವೆ, ಸೀಲ್, ಕವಾಟ ಎಲ್ಲ ಬೇಕು; ಖರ್ಚು ಬರುವುದೇ ಅಲ್ಲಿ. ಅಗ್ಗದ ಫೋರ್ಕ್‌ಗಳಲ್ಲಿ ಎಷ್ಟೋ ಸಲ ಅದೇ ಇರುವುದಿಲ್ಲ. ಉಕ್ಕಿನ ಕೊಳವೆಯೊಳಗೆ ಒಂದು ಸುರುಳಿ, ಒಂದು ರಬ್ಬರ್ ತುಂಡು, ಸ್ವಲ್ಪ ಗ್ರೀಸ್, ಅಷ್ಟೇ. ಇಂಥ ಫೋರ್ಕ್ ಒಂದೇ ಎರಡೂವರೆ ಕಿಲೋ ತೂಗುವುದುಂಟು. ಗಟ್ಟಿ ಉಕ್ಕಿನ ಫೋರ್ಕ್ ತೂಗುವುದು ಅದರ ಅರ್ಧದಷ್ಟು. ಕಲ್ಲಿನ ಮೇಲೆ ಹತ್ತಿದಾಗ ಅದು ಕುಗ್ಗುತ್ತದೆ ನಿಜ, ಆದರೆ ಮರುಕ್ಷಣವೇ ಹ್ಯಾಂಡಲನ್ನು ಮೇಲಕ್ಕೆ ಒದೆಯುತ್ತದೆ. ತಿರುವಿನಲ್ಲಿ ಹೀಗಾದರೆ ಮುಂದಿನ ಟೈರು ನೆಲ ಬಿಡುತ್ತದೆ. ಇನ್ನೊಂದು ಸಮಸ್ಯೆ ಎಂದರೆ ಆ ಸುರುಳಿಯ ಬಿಗಿ ಒಂದೇ. 50 ಕಿಲೋ ಇರುವವರಿಗೆ ಅದು ಅಲುಗಾಡುವುದೇ ಇಲ್ಲ, 95 ಕಿಲೋ ಇರುವವರಿಗೆ ತಳ ಮುಟ್ಟುತ್ತದೆ.

ಹಿಂದಿನ ಸ್ಪ್ರಿಂಗಿನ ಕತೆ ಇನ್ನೂ ಕುತೂಹಲಕಾರಿ. ನಾವು ಪೆಡಲ್ ತುಳಿಯುವುದು ಒಂದೇ ಸಮ ಅಲ್ಲ. ಒಂದು ಸುತ್ತಿಗೆ ಎರಡು ಸಲ, ಎಡಗಾಲಿಗೊಮ್ಮೆ ಬಲಗಾಲಿಗೊಮ್ಮೆ, ಒತ್ತಡ ಬೀಳುತ್ತದೆ. ನಿಮಿಷಕ್ಕೆ 70 ಸುತ್ತು ತುಳಿದರೆ 140 ಒತ್ತಡ, ಅಂದರೆ ಸೆಕೆಂಡಿಗೆ ಎರಡು ಚಿಲ್ಲರೆ. ಇನ್ನು, ನೀವು ಕುಳಿತಾಗ ಸ್ಪ್ರಿಂಗ್‌ನಿಂದಾಗಿ ಸೀಟು 5 ಸೆಂ.ಮೀ. ಕುಸಿಯುತ್ತದೆ ಎಂದಿಟ್ಟುಕೊಂಡರೆ, ಅದು ತನ್ನಷ್ಟಕ್ಕೆ ಕುಣಿಯುವ ವೇಗವೂ ಸೆಕೆಂಡಿಗೆ ಸುಮಾರು 2.2 ಸಲವೇ! ಉಯ್ಯಾಲೆಯನ್ನು ಅದರ ಲಯಕ್ಕೆ ಸರಿಯಾಗಿ ತಳ್ಳಿದರೆ ಏನಾಗುತ್ತದೋ ಅದೇ ಇಲ್ಲಿ ಆಗುತ್ತದೆ. ತುಳಿದಷ್ಟೂ ಸೀಟು ಮೇಲೆ ಕೆಳಗೆ ಕುಣಿಯುತ್ತದೆ, ನಿಮ್ಮ ಕಾಲಿನ ಶಕ್ತಿಯ ಒಂದು ಪಾಲು ಚಕ್ರಕ್ಕೆ ಹೋಗದೆ ಸ್ಪ್ರಿಂಗ್ ಕುಣಿಸುವುದಕ್ಕೆ ಹೋಗುತ್ತದೆ. ಲಕ್ಷಗಟ್ಟಲೆ ಬೆಲೆಯ ಸೈಕಲ್ಲುಗಳಲ್ಲಿ ಈ ಕುಣಿತವನ್ನು ತಡೆಯಲು ಒಳ್ಳೆಯ ಡ್ಯಾಂಪರ್ ಇರುತ್ತದೆ, ಹಿಂದಿನ ಭಾಗ ಮಡಚುವ ಕೀಲುಗಳ ಜಾಗವನ್ನೂ ಲೆಕ್ಕಹಾಕಿ ಇಟ್ಟಿರುತ್ತಾರೆ. 25 ಸಾವಿರದ ಸೈಕಲ್ಲಿನಲ್ಲಿ ಅದನ್ನು ನಿರೀಕ್ಷಿಸುವುದು ಅನ್ಯಾಯ. ಈ ಬೆಲೆಗೆ ಎರಡು ಸ್ಪ್ರಿಂಗಿನ ಸೈಕಲ್ ಕೊಳ್ಳಲೇಬೇಡಿ. ಈ ಬರಹದಲ್ಲಿ ‘ಆದರೆ’ ಎಂದು ಸೇರಿಸದೆ ಹೇಳಬಹುದಾದ ಮಾತು ಇದೊಂದೇ ಇರಬೇಕು.

ಮುಂದಿನ ಫೋರ್ಕ್ ವಿಷಯದಲ್ಲಿ ಸ್ವಲ್ಪ ಸಡಿಲ ಬಿಡಬಹುದು. ನಮ್ಮ ಅಂಗಡಿಗಳಲ್ಲಿ ಗಟ್ಟಿ ಫೋರ್ಕಿನ ಗೇರ್ ಎಂಟಿಬಿ ಹುಡುಕಿದರೆ ಮಾತ್ರ ಸಿಗುತ್ತದೆ. ಹೆಚ್ಚಿನವಕ್ಕೆ ಮುಂದೆ ಸ್ಪ್ರಿಂಗ್ ಇದ್ದೇ ಇರುತ್ತದೆ. ಸಿಕ್ಕರೆ ಗಟ್ಟಿಯದನ್ನೇ ಆರಿಸಿ. ಸಿಗದಿದ್ದರೆ, ಸ್ಪ್ರಿಂಗ್ ನೋಡಿ ಮರುಳಾಗದೆ ಉಳಿದ ಭಾಗಗಳನ್ನು ನೋಡಿ ಆರಿಸಿ. ಗಾಳಿ ತುಂಬುವ ಫೋರ್ಕ್, ಅಂದರೆ ನಿಮ್ಮ ತೂಕಕ್ಕೆ ತಕ್ಕಂತೆ ಪಂಪ್ ಹೊಡೆದು ಬಿಗಿ ಹೊಂದಿಸಬಹುದಾದದ್ದು, ನಿಮ್ಮ ಬಜೆಟ್ಟಿಗೆ ನಿಲುಕಿದರೆ ಆಗ ಮಾತು ಬೇರೆ.

ಎಲ್ಲರ ಹತ್ತಿರವೂ ಇರುವ ಸಸ್ಪೆನ್ಷನ್

ಟೈರು! ಎರಡು ಇಂಚಿಗಿಂತ ದಪ್ಪವಿರುವ ಟೈರಿನೊಳಗಿನ ಗಾಳಿ ಒಳ್ಳೆಯ ಸ್ಪ್ರಿಂಗ್. ರಬ್ಬರಿನ ಗೋಡೆ ಮಡಚಿ ಬಿಚ್ಚುವಾಗ ಸ್ವಲ್ಪ ಡ್ಯಾಂಪರ್ ಕೆಲಸವನ್ನೂ ಮಾಡುತ್ತದೆ. ಆದರೆ ನಾವು ಅದನ್ನು ಕಲ್ಲಿನಂತೆ ಗಟ್ಟಿ ಮಾಡಿಬಿಡುತ್ತೇವೆ. ಪಂಚರ್ ಅಂಗಡಿಯಲ್ಲಿ ಹೆಬ್ಬೆರಳಿನಿಂದ ಒತ್ತಿ ‘ಇನ್ನೂ ಸ್ವಲ್ಪ ಹೊಡೀರಿ’ ಎನ್ನುವುದು ನಮ್ಮ ರೂಢಿ.

ಲೆಕ್ಕ ನೋಡಿ. ಹಿಂದಿನ ಚಕ್ರದ ಮೇಲೆ 50 ಕಿಲೋ ಭಾರ ಇದೆ ಎನ್ನೋಣ. ಗಾಳಿಯ ಒತ್ತಡ 50 ಪಿಎಸ್‌ಐ ಇದ್ದರೆ ಟೈರು ನೆಲವನ್ನು ಮುಟ್ಟುವ ಜಾಗ ಸುಮಾರು 14 ಚದರ ಸೆಂ.ಮೀ. ಒತ್ತಡವನ್ನು 25ಕ್ಕೆ ಇಳಿಸಿದರೆ ಆ ಜಾಗ ಸುಮಾರು ಎರಡರಷ್ಟಾಗುತ್ತದೆ. ಟೈರಿನ ಗುಬ್ಬಿಗಳು ಹೆಚ್ಚು ನೆಲ ಹಿಡಿಯುತ್ತವೆ, ಸಣ್ಣ ಕಲ್ಲುಗಳು ಟೈರನ್ನು ಎತ್ತಿ ಒಗೆಯುವ ಬದಲು ಅದರೊಳಗೆ ಹುದುಗಿ ಹೋಗುತ್ತವೆ. ಗಾಳಿ ಕಡಿಮೆಯಾದರೆ ಸೈಕಲ್ ಭಾರವಾಗುತ್ತದೆ ಎಂಬುದು ಡಾಂಬರು ರಸ್ತೆಯಲ್ಲಿ ನಿಜ. ಉಬ್ಬುತಗ್ಗಿನ ದಾರಿಯಲ್ಲಿ ಮಾತ್ರ ಉಲ್ಟಾ: ಗಟ್ಟಿ ಟೈರು ಪ್ರತಿ ಕಲ್ಲಿಗೂ ನಿಮ್ಮನ್ನೂ ಸೈಕಲ್ಲನ್ನೂ ಮೇಲಕ್ಕೆತ್ತುತ್ತದೆ, ಆ ಎತ್ತುವಿಕೆಗೆ ಶಕ್ತಿ ಕೊಡುವವರು ನೀವೇ.

70 ಕಿಲೋ ಸವಾರರು 2.2 ಇಂಚಿನ ಟ್ಯೂಬ್ ಟೈರಿಗೆ 28–30 ಪಿಎಸ್‌ಐನಿಂದ ಶುರು ಮಾಡಿ, ಒಂದೊಂದೇ ಇಳಿಸುತ್ತ ನೋಡಬಹುದು. ಅತಿಯಾಗಿ ಇಳಿಸಿದರೆ ಕಲ್ಲು ಮತ್ತು ರಿಮ್ ನಡುವೆ ಟ್ಯೂಬ್ ಸಿಕ್ಕಿ, ಹಾವು ಕಚ್ಚಿದಂತೆ ಅಕ್ಕಪಕ್ಕ ಎರಡು ತೂತು ಬೀಳುತ್ತವೆ. ಅದು ಕಂಡರೆ ಎರಡು ಮೂರು ಪಿಎಸ್‌ಐ ಏರಿಸಿ. ಆದ್ದರಿಂದ ಮೀಟರ್ ಇರುವ ಪಂಪ್ ಕೊಳ್ಳಿ. ಸೈಕಲ್ಲಿಗೆ ಹಾಕುವ ದುಡ್ಡಿನಲ್ಲಿ ಇಷ್ಟು ಕಡಿಮೆಗೆ ಇಷ್ಟು ಸುಖ ಕೊಡುವ ವಸ್ತು ಇನ್ನೊಂದಿಲ್ಲ.

21 ದೊಡ್ಡದೋ, 9 ದೊಡ್ಡದೋ?

21 ಗೇರ್ ಎಂದರೆ ಮುಂದೆ 3 ಹಲ್ಲುಚಕ್ರ, ಹಿಂದೆ 7. ಗುಣಿಸಿದ್ದಕ್ಕೆ ಬಂದ ಸಂಖ್ಯೆ ಅದು. ಆದರೆ ಎಷ್ಟೋ ಜೋಡಿಗಳು ಒಂದೇ ಕೆಲಸ ಮಾಡುತ್ತವೆ. ಮುಂದೆ 42, ಹಿಂದೆ 28 ಹಲ್ಲು ಹಾಕಿದರೂ, ಮುಂದೆ 24, ಹಿಂದೆ 16 ಹಾಕಿದರೂ ಪೆಡಲ್ ಒಂದು ಸುತ್ತಿಗೆ ಚಕ್ರ ತಿರುಗುವುದು ಒಂದೂವರೆ ಸುತ್ತೇ. ಸಾಮಾನ್ಯವಾಗಿ ಸಿಗುವ 42-34-24 ಮತ್ತು 14ರಿಂದ 28ರ ಜೋಡಣೆಯಲ್ಲಿ ಇಂಥ ಪುನರಾವರ್ತನೆ ಕಳೆದರೆ ಉಳಿಯುವುದು ಹದಿನಾಲ್ಕರ ಆಸುಪಾಸು. ಚೈನ್ ತೀರಾ ಓರೆಯಾಗುವ ಜೋಡಿಗಳನ್ನು ಬಿಟ್ಟರೆ ಇನ್ನೂ ಕಡಿಮೆ.

ಬೆಟ್ಟಕ್ಕೆ ಬೇಕಾದದ್ದು ಸಂಖ್ಯೆಯಲ್ಲ, ಅತಿ ಹಗುರ ಗೇರ್ ಎಷ್ಟು ಹಗುರ ಎಂಬುದು. ಮುಂದಿನ ಅತಿ ಸಣ್ಣ ಚಕ್ರದ ಹಲ್ಲನ್ನು ಹಿಂದಿನ ಅತಿ ದೊಡ್ಡ ಚಕ್ರದ ಹಲ್ಲಿನಿಂದ ಭಾಗಿಸಿ. 24 ಭಾಗಿಸು 28 ಎಂದರೆ 0.86. ಮುಂದೆ 30 ಹಲ್ಲಿನ ಒಂದೇ ಚಕ್ರ, ಹಿಂದೆ 11ರಿಂದ 42ರವರೆಗಿನ ಒಂಬತ್ತು ಚಕ್ರ ಇರುವ ಸೈಕಲ್ಲಿನಲ್ಲಿ ಅದು 0.71.

ಇಷ್ಟೇ ತಾನೇ ಎನ್ನಬೇಡಿ. ಚಕ್ರದ ಸುತ್ತಳತೆ 2.2 ಮೀಟರ್ ಎಂದುಕೊಂಡು, ಸೆಕೆಂಡಿಗೆ ಒಂದು ಸುತ್ತು ಪೆಡಲ್ ಮಾಡುತ್ತ, 100 ಮೀಟರಿಗೆ 10 ಮೀಟರ್ ಏರುವ ದಾರಿ ಹತ್ತಿದರೆ, ಬರೀ ಏರುವುದಕ್ಕೇ ಮೊದಲನೆಯದಕ್ಕೆ ಸುಮಾರು 157 ವ್ಯಾಟ್ ಬೇಕು, ಎರಡನೆಯದಕ್ಕೆ ಸುಮಾರು 131. ವ್ಯಾಯಾಮದ ಅಭ್ಯಾಸ ಇಲ್ಲದವರಿಗೆ ಈ ವ್ಯತ್ಯಾಸವೆಂದರೆ ಏದುಸಿರು ಬಿಡುತ್ತಲಾದರೂ ಹತ್ತುವುದಕ್ಕೂ, ಇಳಿದು ತಳ್ಳುವುದಕ್ಕೂ ಇರುವ ವ್ಯತ್ಯಾಸ. ಕಳೆದುಕೊಳ್ಳುವುದೇನು? ಸಮತಟ್ಟು ರಸ್ತೆಯಲ್ಲಿ ಜೋರಾಗಿ ತುಳಿದಾಗ ಗಂಟೆಗೆ 32ರ ಬದಲು 29 ಕಿ.ಮೀ. ವೇಗ. ಕಾಡುದಾರಿಯಲ್ಲಿ ಅದು ಯಾರಿಗೂ ಬೇಕಿಲ್ಲ.

ಒಂದು ಎಚ್ಚರಿಕೆ: ಮುಂದೆ ಒಂದೇ ಚಕ್ರ ಇರುವುದೆಲ್ಲ ಒಳ್ಳೆಯದಲ್ಲ. 32 ಮತ್ತು 36ರ ಜೋಡಿ ಕೊಟ್ಟಿದ್ದರೆ ಅದು 0.89, ಹಳೆಯ 21 ಗೇರಿಗಿಂತಲೂ ಭಾರ. ಹಲ್ಲಿನ ಸಂಖ್ಯೆ ಚಕ್ರದ ಮೇಲೆಯೇ ಕೊರೆದಿರುತ್ತದೆ. ಇಲ್ಲದಿದ್ದರೆ ಎಣಿಸಿ, ನಾಚಿಕೆ ಬೇಡ.

ಹಾಗೆಯೇ ಹಿಂದಿನ ಚಕ್ರಗಳು ಹಬ್ಬಿಗೆ ಹೇಗೆ ಕೂತಿವೆ ಎಂದೂ ಕೇಳಿ. ಹಳೆಯ ಬಗೆಯ ಫ್ರೀವೀಲ್ ಹಬ್ಬಿಗೆ ತಿರುಪಿನಂತೆ ಕೂರುತ್ತದೆ. ಆಗ ಬಲಗಡೆಯ ಬೇರಿಂಗ್ ಹಬ್ಬಿನ ಒಳಭಾಗಕ್ಕೆ ಸರಿದಿರುತ್ತದೆ, ಅದರಾಚೆ ಚೌಕಟ್ಟಿನವರೆಗೆ ಆಕ್ಸಲ್ ಆಸರೆಯಿಲ್ಲದೆ ಚಾಚಿರುತ್ತದೆ. ಕಲ್ಲುದಾರಿಯಲ್ಲಿ ಧೊಪ್ಪೆಂದು ಬಿದ್ದಾಗ ಅದು ಬಾಗುತ್ತದೆ, ಮುರಿಯುವುದೂ ಉಂಟು. ಕ್ಯಾಸೆಟ್ ಎಂಬ ಹೊಸ ಬಗೆಯಲ್ಲಿ ಬೇರಿಂಗ್ ಚೌಕಟ್ಟಿನ ಹತ್ತಿರವೇ ಇರುತ್ತದೆ. ಏಳು ಚಕ್ರದ ಅಗ್ಗದ ಸೈಕಲ್ಲುಗಳಲ್ಲಿ ಸಾಮಾನ್ಯವಾಗಿ ಫ್ರೀವೀಲ್, ಒಂಬತ್ತು ಮತ್ತು ಮೇಲ್ಪಟ್ಟವುಗಳಲ್ಲಿ ಹೆಚ್ಚಾಗಿ ಕ್ಯಾಸೆಟ್ ಇರುತ್ತದೆ.

ನಿಲ್ಲಿಸುವ ಮಾತು

ರೀಪ್ಯಾಕ್‌ನ ಸುಟ್ಟ ಗ್ರೀಸನ್ನು ಮತ್ತೆ ನೆನಪಿಸಿಕೊಳ್ಳಿ. ನಮ್ಮಲ್ಲಿ ‘ಪವರ್ ಬ್ರೇಕ್’ ಎಂದು ಕರೆಯುವ, ರಿಮ್ಮನ್ನು ಎರಡೂ ಕಡೆಯಿಂದ ಹಿಡಿಯುವ ವಿ-ಬ್ರೇಕ್ ಒಣ ದಾರಿಯಲ್ಲಿ ಕಳಪೆಯೇನಲ್ಲ. ಸರಿಯಾಗಿ ಹೊಂದಿಸಿದ ವಿ-ಬ್ರೇಕ್, ಹೊಂದಿಸದ ಅಗ್ಗದ ಡಿಸ್ಕ್‌ಗಿಂತ ಚೆನ್ನಾಗಿ ನಿಲ್ಲಿಸುತ್ತದೆ. ಆದರೆ ಮಲೆನಾಡಿನ ಮಳೆ, ಕೆಸರು ಅದಕ್ಕೆ ಆಗುವುದಿಲ್ಲ. ಒದ್ದೆ ರಿಮ್ ಜಾರುತ್ತದೆ, ಕೆಸರು ಉಜ್ಜಿ ರಿಮ್ ಸವೆಯುತ್ತದೆ. ಡಿಸ್ಕ್ ನೆಲದಿಂದ ಮೇಲಿರುವುದರಿಂದ ಈ ತೊಂದರೆ ಕಡಿಮೆ.

ಡಿಸ್ಕ್‌ನಲ್ಲೂ ಎರಡು ಬಗೆ. ಕೇಬಲ್ ಎಳೆಯುವ ಅಗ್ಗದವುಗಳಲ್ಲಿ ಹೆಚ್ಚಾಗಿ ಒಂದೇ ಕಡೆಯ ಪ್ಯಾಡ್ ಚಲಿಸಿ ಡಿಸ್ಕನ್ನು ಇನ್ನೊಂದರ ಕಡೆಗೆ ಬಾಗಿಸುತ್ತದೆ, ಪ್ಯಾಡ್ ಸವೆದಂತೆಲ್ಲ ಕೈಯಿಂದ ಹೊಂದಿಸುತ್ತಿರಬೇಕು. ಹೈಡ್ರಾಲಿಕ್ ಬ್ರೇಕ್‌ನಲ್ಲಿ ಎಣ್ಣೆ ಒತ್ತಡವನ್ನು ಸಾಗಿಸುತ್ತದೆ. ಶಾಲೆಯಲ್ಲಿ ಓದಿದ ಪಾಸ್ಕಲನ ನಿಯಮ ಇಲ್ಲಿ ಕೆಲಸಕ್ಕೆ ಬರುತ್ತದೆ: ಒಂದೇ ಬೆರಳಿನ ಒತ್ತು ಪ್ಯಾಡ್‌ನಲ್ಲಿ ಹಲವು ಪಟ್ಟಾಗುತ್ತದೆ, ಪ್ಯಾಡ್ ಸವೆದಷ್ಟೂ ತಾನಾಗಿ ಮುಂದೆ ಬರುತ್ತದೆ. ಉದ್ದ ಇಳಿಜಾರಿನಲ್ಲಿ ಅಂಗೈ ನೋಯದೆ, ಮೂರು ಬೆರಳು ಹ್ಯಾಂಡಲ್ ಮೇಲೆಯೇ ಉಳಿದರೆ ಸೈಕಲ್ ನಿಮ್ಮ ಹಿಡಿತದಲ್ಲಿರುತ್ತದೆ. ಒಂದೇ ಬೆಲೆಗೆ ‘ಒಳ್ಳೆಯ ಫೋರ್ಕ್, ಕೇಬಲ್ ಡಿಸ್ಕ್’ ಮತ್ತು ‘ಸಾದಾ ಫೋರ್ಕ್, ಹೈಡ್ರಾಲಿಕ್ ಡಿಸ್ಕ್’ ಎಂಬ ಆಯ್ಕೆ ಬಂದರೆ ನಾನು ಯೋಚಿಸದೆ ಎರಡನೆಯದನ್ನು ಹಿಡಿಯುತ್ತೇನೆ.

ಮೈಗೆ ಹೊಂದುವುದು, ಮನಸ್ಸಿಗೆ ಹೊಂದುವುದು

ಮುಂದಿನ ಚಕ್ರ ಎಷ್ಟು ಓರೆಯಾಗಿ ಚಾಚಿದೆ ಎಂಬುದರ ಮೇಲೆ ಸೈಕಲ್ಲಿನ ಸ್ವಭಾವ ನಿಂತಿದೆ. ಸೂಪರ್ ಮಾರ್ಕೆಟ್ಟಿನ ಟ್ರಾಲಿಯ ಪುಟ್ಟ ಚಕ್ರ ತನ್ನ ಆಸರೆಯ ಹಿಂದೆ ಎಳೆದುಕೊಂಡು ಬರುತ್ತ ತಾನಾಗಿ ನೇರವಾಗುವುದನ್ನು ನೋಡಿದ್ದೀರಲ್ಲ, ಸೈಕಲ್ಲಿನಲ್ಲೂ ಹಾಗೆಯೇ. ಹ್ಯಾಂಡಲ್ ಕೂರುವ ಕೊಳವೆ ಹೆಚ್ಚು ಓರೆಯಾದಷ್ಟೂ ಈ ಗುಣ ಹೆಚ್ಚು. ಇಳಿಜಾರಿನಲ್ಲಿ ಕಲ್ಲು ತಾಗಿದರೂ ಹ್ಯಾಂಡಲ್ ಪಕ್ಕನೆ ತಿರುಗದು, ತಲೆಕೆಳಗಾಗಿ ಮುಂದಕ್ಕೆ ಬೀಳುವ ಭಯವೂ ಕಡಿಮೆ. ಹಳೆಯ ವಿನ್ಯಾಸಗಳಲ್ಲಿ ಈ ಕೋನ 71 ಡಿಗ್ರಿಯ ಹತ್ತಿರ. ಈಗಿನ ಖುಷಿ ಕೊಡುವ ಸೈಕಲ್ಲುಗಳಲ್ಲಿ 67 ಅಥವಾ ಇನ್ನೂ ಕಡಿಮೆ. ಮೊಬೈಲಿನ ಕೋನ ಅಳೆಯುವ ಆ್ಯಪ್ ಹಿಡಿದು ಅಂಗಡಿಯಲ್ಲೇ ನೋಡಬಹುದು. ಇದಕ್ಕೆ ಜೊತೆಯಾಗಿ ಹ್ಯಾಂಡಲ್ ಅಗಲವಾಗಿ, ಅದನ್ನು ಹಿಡಿದಿರುವ ತುಂಡು ಗಿಡ್ಡವಾಗಿ ಇರಬೇಕು. 72 ಸೆಂ.ಮೀ.ಗಿಂತ ಅಗಲ, 6 ಸೆಂ.ಮೀ.ಗಿಂತ ಗಿಡ್ಡ ಇದ್ದರೆ ಚೆನ್ನ. ಬಣ್ಣದ ಸ್ಟಿಕ್ಕರ್‌ಗೆ ಹೋಲಿಸಿದರೆ ಇವುಗಳಿಗೆ ಕಂಪನಿಗೆ ಖರ್ಚೇನೂ ಹೆಚ್ಚಿಲ್ಲ, ಆದ್ದರಿಂದ ಅಗ್ಗದ ಸೈಕಲ್ಲಿನಲ್ಲೂ ಸಿಗುತ್ತವೆ, ನೋಡುವವರು ಬೇಕು.

ಅಳತೆಯ ಬಗ್ಗೆ ಚಿಕ್ಕದಾಗಿ: ‘ಮಗು ಬೆಳೆಯುತ್ತದೆ’ ಎಂದು ಎರಡು ಸೈಜ್ ದೊಡ್ಡದು ಕೊಡಿಸಬೇಡಿ. ಮೇಲಿನ ಕೊಳವೆಯ ಎರಡೂ ಬದಿಗೆ ಕಾಲು ಹಾಕಿ ನಿಂತಾಗ ನಾಲ್ಕೈದು ಸೆಂ.ಮೀ. ಅಂತರ ಉಳಿಯಬೇಕು. ಸೀಟು ಕೈಯಿಂದಲೇ ಸಡಿಲಿಸಿ ಇಳಿಸುವಂತಿರಲಿ. ಇಳಿಜಾರಿಗೆ ಮುಂಚೆ ಸೀಟು ಇಳಿಸಿ ನೋಡಿದವರು ಮತ್ತೆ ಹಳೆಯ ರೀತಿಗೆ ಹೋಗುವುದಿಲ್ಲ.

ಸೈಕಲ್ ಜೊತೆ ಬರುವ ಪುಸ್ತಕವನ್ನು ಯಾರೂ ತೆರೆಯುವುದಿಲ್ಲ. ಆದರೆ ಹಲವು ಕಂಪನಿಗಳು ಅದರಲ್ಲಿ 1ರಿಂದ 5ರವರೆಗೆ ಬಳಕೆಯ ವರ್ಗ ಬರೆದಿರುತ್ತವೆ. 1 ಎಂದರೆ ಡಾಂಬರು ರಸ್ತೆ. 2 ಎಂದರೆ ಜಲ್ಲಿದಾರಿ, 15 ಸೆಂ.ಮೀ.ವರೆಗಿನ ಇಳಿತ. ಕಲ್ಲು, ಬೇರುಗಳ ದಾರಿ, 60 ಸೆಂ.ಮೀ. ಆಸುಪಾಸಿನ ಜಿಗಿತಕ್ಕೆ 3 ಬೇಕು. ದಪ್ಪ ಟೈರು ಹಾಕಿಕೊಂಡು ಎಂಟಿಬಿಯಂತೆ ಕಾಣುವ ಎಷ್ಟೋ ಸೈಕಲ್ಲುಗಳ ಪುಸ್ತಕದಲ್ಲಿ ‘ಕಚ್ಚಾ ದಾರಿಗೆ ಅಲ್ಲ’ ಎಂದೇ ಇರುತ್ತದೆ. ಇದು ಮಜಾದ ಪ್ರಶ್ನೆಯಲ್ಲ. ಚೌಕಟ್ಟು ಅಥವಾ ಫೋರ್ಕ್ ಮುರಿದರೆ ಮೊದಲು ನೆಲ ಮುಟ್ಟುವುದು ಮುಖ.

ಹಳೆಯದು ಕೊಳ್ಳುವುದಾದರೆ

ಇದೇ ದುಡ್ಡಿಗೆ ನಿಜವಾದ ಡ್ಯಾಂಪರ್ ಇರುವ ಫೋರ್ಕ್ ಬೇಕೇ ಬೇಕು ಎನ್ನುವವರಿಗೆ ಸೆಕೆಂಡ್ ಹ್ಯಾಂಡ್ ದಾರಿ ಇದೆ. ಉತ್ಸಾಹದಲ್ಲಿ ಕೊಂಡು ಓಡಿಸದೆ ಇಟ್ಟವರು ಬೆಂಗಳೂರು, ಮೈಸೂರಿನಂಥ ಊರುಗಳಲ್ಲಿ ಕಡಿಮೆಯೇನಿಲ್ಲ. ಹಗಲಲ್ಲೇ ಹೋಗಿ ನೋಡಿ. ಹ್ಯಾಂಡಲ್ ಕೆಳಗೆ ಕೊಳವೆಗಳು ಸೇರುವ ಬೆಸುಗೆಯ ಜಾಗವನ್ನು ಒರೆಸಿ, ಕೂದಲೆಳೆಯಷ್ಟು ಬಿರುಕಿದ್ದರೂ ಬಿಟ್ಟುಬಿಡಿ. ಫೋರ್ಕಿನ ಹೊಳೆಯುವ ಕಾಲಿನ ಮೇಲೆ ಉಗುರು ಆಡಿಸಿ. ಉಗುರಿಗೆ ಸಿಗುವ ಗೀರು ಸೀಲನ್ನು ಹರಿಯುತ್ತದೆ.

ಚೈನ್ ಅಳೆಯಲು ಸ್ಟೀಲ್ ಸ್ಕೇಲ್ ಸಾಕು. ಹೊಸ ಚೈನಿನಲ್ಲಿ ಒಂದು ಪಿನ್‌ನ ನಡುವಿನಿಂದ ಇಪ್ಪತ್ನಾಲ್ಕು ಕೊಂಡಿ ಆಚೆಯ ಪಿನ್‌ನ ನಡುವಿಗೆ ಸರಿಯಾಗಿ 12 ಇಂಚು, ಅಂದರೆ 304.8 ಮಿ.ಮೀ. ಅದು 306 ದಾಟಿದ್ದರೆ ಚೈನ್ ಬದಲಿಸಬೇಕು. 308 ಆಗಿದ್ದರೆ ಹಲ್ಲುಚಕ್ರಗಳೂ ಸವೆದಿರುತ್ತವೆ, ಅಷ್ಟು ಖರ್ಚನ್ನು ಬೆಲೆಯಲ್ಲಿ ಕಳೆದು ಮಾತನಾಡಿ.

ಹೊಸದೇ ಕೊಳ್ಳುವವರಿಗೆ ಒಂದು ಸಮಾಧಾನ: 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮೇಲಿನ ಜಿಎಸ್‌ಟಿ ಶೇ. 12ರಿಂದ ಶೇ. 5ಕ್ಕೆ ಇಳಿದಿದೆ. ಉಳಿದದ್ದನ್ನು ಹೆಲ್ಮೆಟ್ಟಿಗೆ ಇಡಿ. ಒಳಗೆ ‘ಇಎನ್ 1078’ ಎಂಬ ಗುರುತು ಇದ್ದರೆ ಅದು ಯುರೋಪಿನ ಸೈಕಲ್ ಹೆಲ್ಮೆಟ್ ಮಾನದಂಡಕ್ಕೆ ಒಳಪಟ್ಟದ್ದು ಎಂದರ್ಥ. ಒಂದು ಟ್ಯೂಬ್, ಟೈರು ಬಿಚ್ಚುವ ಎರಡು ಪ್ಲಾಸ್ಟಿಕ್ ಲಿವರ್, ಆ ಮೀಟರ್ ಪಂಪ್ – ಇವುಗಳಿಗೂ ಬಜೆಟ್ಟಿನಲ್ಲಿ ಜಾಗ ಇರಲಿ.

ಕೊನೆಗೆ, ದುಡ್ಡು ಕೊಡುವ ಮುನ್ನ ಅಂಗಡಿಯ ಎದುರೇ ಒಂದು ಸುತ್ತು ಹೊಡೆಯಿರಿ. ಮುಂದಿನ ಬ್ರೇಕ್ ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ಅಲುಗಾಡಿಸಿದಾಗ ಟಕ್ ಟಕ್ ಎಂದರೆ ಹ್ಯಾಂಡಲ್ ಬೇರಿಂಗ್ ಸಡಿಲ, ಬಿಗಿ ಮಾಡಿಸಿ. ಅತಿ ಹಗುರ ಗೇರಿಗೆ ಹಾಕಿ, ಹತ್ತಿರದಲ್ಲಿ ಬೇಸ್‌ಮೆಂಟ್ ರ‍್ಯಾಂಪ್ ಇದ್ದರೆ ಕುಳಿತುಕೊಂಡೇ ಹತ್ತಿ ನೋಡಿ. ಇಳಿಯುವಾಗ ಸೀಟು ತಗ್ಗಿಸಿ, ಪೆಡಲ್ ಮೇಲೆ ನಿಂತು, ಒಂದು ಬೆರಳಿನಲ್ಲಿ ಬ್ರೇಕ್ ಹಿಡಿಯಿರಿ. ಪಕ್ಕದಲ್ಲಿ ನಿಂತಿರುವ ಎರಡು ಸ್ಪ್ರಿಂಗಿನ ಸೈಕಲ್ಲಿನಲ್ಲೂ ಇದನ್ನೇ ಮಾಡಿ ನೋಡಿ. ಅಂಗಡಿಯವರು ಬೇಡ ಎನ್ನುವುದಿಲ್ಲ.